ಒಂದೇ ಗೆರೆಯ ಕೆಳಗೆ ಮೂವರು

ಹಮೀದಾ ಬೇಗಂ ಟೀ ಕುಡಿಯುವುದನ್ನು ನೋಡಿದರೆ ನಮ್ಮ ಗಂಟಲು ಸುಡುತ್ತಿತ್ತು. ಒಲೆಯ ಮೇಲೆ ಕುದಿಯುವ ಪಾತ್ರೆಯಿಂದ ನೇರ ಲೋಟಕ್ಕೆ, ಲೋಟದಿಂದ ನೇರ ಬಾಯಿಗೆ. ಊದುವುದಿಲ್ಲ, ಸಾಸರಿಗೆ ಸುರಿದುಕೊಳ್ಳುವುದಿಲ್ಲ. ಎರಡು ಗುಟುಕು, ಮೂರನೆಯದಕ್ಕೆ ಲೋಟ ಖಾಲಿ. "ಅಯ್ಯೋ, ಆರಿಸಿಕೊಂಡು ಕುಡೀರಿ ಅಕ್ಕಾ" ಎಂದರೆ, "ನೀನು ಬಂದು ಚರಕದ ಮುಂದೆ ಕೂತ್ಕೋ, ನಾನು ಆರಿಸ್ಕೊಂಡು ಕುಡೀತೀನಿ" ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಬಿಸಿನೀರಿನ ತೊಟ್ಟಿಯಲ್ಲಿ ರೇಷ್ಮೆಗೂಡು ಕುಣಿಯುತ್ತಿರುವಾಗ, ಎಂಟು ಹತ್ತು ಗೂಡುಗಳ ಎಳೆ ಸೇರಿ ಒಂದು ನೂಲಾಗಿ ಚರಕಕ್ಕೆ ಏರುತ್ತಿರುವಾಗ, ಕೈ ತೆಗೆದು ಕೂತರೆ ಎಳೆ ಕಡಿಯುತ್ತದೆ. ಶಿಡ್ಲಘಟ್ಟದ ಆ ಬೀದಿಯಲ್ಲಿ ಎಲ್ಲರೂ ಹಾಗೇ ಕುಡಿಯುತ್ತಿದ್ದರು. ಅದರ ಜೊತೆಗೆ ದವಡೆಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಬೇರೆ.

ನನ್ನ ಹೆಸರು ಚನ್ನಕೇಶವ. ಗೌರಿಬಿದನೂರು ತಾಲ್ಲೂಕಿನ ನಗರಗೆರೆಯವನು. ತೊಂಬತ್ತೈದರಿಂದ ಮೂರು ವರ್ಷ, ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನೆಗಾಗಿ ನಮ್ಮ ಕಡೆಯ ಊರುಗಳನ್ನು ತಿರುಗುವ ಕೆಲಸ ಮಾಡಿದೆ, ಆ ಬೀದಿಗೂ ಮೊದಲ ವರ್ಷದಿಂದಲೇ ಹೋಗಿಬರುತ್ತಿದ್ದೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ಮಾಡಿದವನು ನಾನು, ಅವರ ಹೆಸರನ್ನು ಯಾಕೆ ಎಳೆಯಲಿ? ಹಮೀದಕ್ಕನ ಕಥೆ ಹೇಳಬೇಕಾದರೆ ನನ್ನ ಮೂರ್ಖತನವನ್ನೂ ಹೇಳಲೇಬೇಕು. ಅದನ್ನು ನೆನೆದರೆ ಇವತ್ತಿಗೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಹಮೀದಕ್ಕ ಹುಟ್ಟಿದ್ದು ನಲವತ್ತೊಂಬತ್ತರಲ್ಲಿ, ಅದೇ ಬೀದಿಯಲ್ಲಿ. ತಾಯಿ ಖತೀಜಾ ಬೀ. ಎಂಟನೇ ವಯಸ್ಸಿಗೇ ಚರಕದ ಮುಂದೆ ಕೂತವಳು. ಹದಿನೇಳಕ್ಕೆ ಮದುವೆ. ಗಂಡ ಕೈವಾರದ ಕಡೆ ಲಾರಿ ಓಡಿಸುತ್ತಿದ್ದ, ಎಂಬತ್ತನಾಲ್ಕರಲ್ಲಿ ಒಂದು ಅಪಘಾತದಲ್ಲಿ ಹೋದ. ಏಳು ವರ್ಷದ ಮಗಳು ಅಖ್ತರಿಯನ್ನು ಕಟ್ಟಿಕೊಂಡು ಇವಳು ತವರಿಗೆ ವಾಪಸ್ಸಾದಳು. ಅಳುತ್ತಾ ಮೂಲೆ ಹಿಡಿಯುವ ಪೈಕಿ ಅಲ್ಲ. ನಾಲ್ಕು ಚರಕ ಹಾಕಿಸಿ ತಾನೇ ನಡೆಸಿದಳು. ಗೂಡಿನ ಮಾರುಕಟ್ಟೆಯಲ್ಲಿ ಗಂಡಸರ ಮಧ್ಯೆ ನುಗ್ಗಿ, ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದಿನ ಮೇಲೇ ಒಳ್ಳೆಯದು ಕೆಟ್ಟದ್ದು ಹೇಳಿಬಿಡುತ್ತಿದ್ದಳು. ಅವಳು ಬೇಡ ಎಂದು ಕೆಳಗೆ ಹಾಕಿದ ಗೂಡನ್ನು ಬೇರೆಯವರೂ ಮುಟ್ಟುತ್ತಿರಲಿಲ್ಲವಂತೆ.

ಅವಳ ಅಣ್ಣತಮ್ಮಂದಿರು ಇಬ್ಬರು, ಅಬ್ದುಲ್ ಸತ್ತಾರ್ ಮತ್ತು ಸಾದಿಕ್ ಪಾಷಾ. ಪಕ್ಕದ ಮನೆಯೇ ಅವರದು, ಎರಡು ಮನೆಗೂ ಒಂದೇ ಹಿತ್ತಲು, ಒಂದೇ ಟೀ ಪಾತ್ರೆ. ಸತ್ತಾರ್‌ಗೆ ಎಂಬತ್ತೊಂಬತ್ತರಲ್ಲಿ ಅನ್ನ ಇಳಿಯದಾಯಿತು. ಮೊದಲು ಮುದ್ದೆ ಸಿಕ್ಕಿಕೊಂಡಿತು, ಆಮೇಲೆ ಅನ್ನ, ಆಮೇಲೆ ಗಂಜಿ, ಕಡೆಗೆ ಉಗುಳು. ಅನ್ನನಾಳದ ಕ್ಯಾನ್ಸರ್. ತೊಂಬತ್ತಮೂರರಲ್ಲಿ ಸಾದಿಕ್‌ಗೂ ಅದೇ. ತೊಂಬತ್ತಾರರ ಮಳೆಗಾಲ ಮುಗಿಯುವಾಗ ಹಮೀದಕ್ಕನಿಗೆ ಒಂದು ತುಂಡು ಚಪಾತಿ ಎದೆಯಲ್ಲಿ ನಿಂತಿತು.

ನಮ್ಮ ಸಂಶೋಧನೆ ಏನು ಎಂಬುದನ್ನು ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ನನಗೆ ಕೆಲಸಕ್ಕೆ ಸೇರಿದ ದಿನವೇ ವಿವರಿಸಿದ್ದರು. ಜೀವಕೋಶದ ಒಳಗೆ ಜೀನ್‌ಗಳಿವೆ. ಕೆಲವು ಲಾರಿಯ ಆಕ್ಸಿಲರೇಟರ್ ಹಾಗೆ, ಕೋಶವನ್ನು ಬೆಳೆಸುತ್ತವೆ. ಕೆಲವು ಬ್ರೇಕ್ ಹಾಗೆ, ಸಾಕು ನಿಲ್ಲು ಎನ್ನುತ್ತವೆ. ಬ್ರೇಕ್ ಜೀನ್ ಕೆಟ್ಟರೆ ಕೋಶ ಬೆಳೆದದ್ದೇ ಬೆಳೆದದ್ದು, ಅದೇ ಗಡ್ಡೆ. ಈಗ ಪ್ರಶ್ನೆ ಏನೆಂದರೆ, ಆ ಬ್ರೇಕ್ ಹುಟ್ಟುವಾಗಲೇ ಕೆಟ್ಟು ಬಂದಿತ್ತೋ, ಇಲ್ಲ ವರ್ಷಗಟ್ಟಲೆ ಬಿಸಿ ಟೀಗೆ ಸುಟ್ಟು, ಹೊಗೆಸೊಪ್ಪಿನ ರಸ ಇಳಿದು, ಆ ಗಂಟಲಲ್ಲಿ ಮಾತ್ರ ಕೆಟ್ಟಿತೋ? ಗಡ್ಡೆಯ ತುಣುಕನ್ನೂ ರಕ್ತವನ್ನೂ ಎರಡನ್ನೂ ನೋಡಬೇಕು. ರಕ್ತದಲ್ಲೂ ಕೆಟ್ಟಿದ್ದರೆ ಮಕ್ಕಳಿಗೂ ಹೋಗಿರಬಹುದು. ಗಡ್ಡೆಯಲ್ಲಿ ಮಾತ್ರ ಕೆಟ್ಟಿದ್ದರೆ ಅದು ಆ ಒಬ್ಬರೊಂದಿಗೇ ಮುಗಿಯಿತು.

"ಅದಕ್ಕೇ ವಂಶದ ನಕ್ಷೆ ಮುಖ್ಯ. ಯಾರು ಯಾರಿಗೆ ಹುಟ್ಟಿದ್ದು, ಯಾರಿಗೆ ಕಾಯಿಲೆ ಬಂದಿತ್ತು, ಎಲ್ಲ ಸರಿಯಾಗಿ ಬರ್ಕೊಂಡು ಬನ್ನಿ. ಬರೆದದ್ದನ್ನ ಅವರಿಗೆ ಓದಿ ಹೇಳಿ" ಎಂದಿದ್ದರು ಡಾಕ್ಟರಮ್ಮ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಕಾಯಿಲೆ ಬಂದವರಿಗೆ ಕಪ್ಪು ಬಣ್ಣ. ಒಂದು ತಾಯಿಯ ಮಕ್ಕಳೆಲ್ಲ ಒಂದು ಗೆರೆಯ ಕೆಳಗೆ.

ತೊಂಬತ್ತಾರರ ಅಕ್ಟೋಬರ್‌ನಲ್ಲಿ ನಾನು ಹಮೀದಕ್ಕನ ಮನೆಗೆ ಹೋದೆ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಅವಳ ಗಡ್ಡೆಯ ತುಣುಕು ತೆಗೆದಾಗಿತ್ತು. ಅವಳ ರಕ್ತ, ಅಖ್ತರಿಯ ರಕ್ತವನ್ನೂ ಕೊಟ್ಟಿದ್ದರು. "ಯಾರಿಗಾದರೂ ಉಪಯೋಗ ಆಗ್ಲಿ ಬಿಡು" ಎಂದು ಹಮೀದಕ್ಕ ತಾನಾಗಿಯೇ ಒಪ್ಪಿದ್ದಳು. ಉಳಿದಿದ್ದು ನಕ್ಷೆ ಮಾತ್ರ. ಚರಕದ ಪಕ್ಕದಲ್ಲಿ ಒಂದು ಮಣೆ ಹಾಕಿಕೊಟ್ಟಳು. ಬೆಂದ ಹುಳದ ವಾಸನೆಗೆ ನಾನು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೂತೆ, ನಾಲ್ಕೂವರೆಯ ಬಸ್ಸು ತಪ್ಪಿದರೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೊತ್ತಿಗೆ ಗೌರಿಬಿದನೂರಿನ ಬಸ್ಸೂ ಇರುತ್ತಿರಲಿಲ್ಲ.

"ಅಣ್ಣತಮ್ಮ, ಅಕ್ಕತಂಗಿ ಎಲ್ಲ ಸೇರಿ ನೀವು ಎಷ್ಟು ಜನ ಅಕ್ಕಾ?" ಎಂದೆ.

"ಮೂರು ಜನ ಕೇಶವಪ್ಪ. ನಾನು, ಸತ್ತಾರ್ ಭಾಯಿ, ಸಾದಿಕ್ ಭಾಯಿ."

"ಯಾರು ದೊಡ್ಡೋರು?"

"ಮೂರು ಜನಾನೂ ಒಂದೇ ವರ್ಷ. ನಾನು ಎರಡು ತಿಂಗಳು ದೊಡ್ಡೋಳು."

ನಾನು ನಕ್ಕುಬಿಟ್ಟೆ. ನಮ್ಮ ಕಡೆ ವಯಸ್ಸು ಕೇಳಿದರೆ ಹೀಗೇ ಹೇಳುವುದು. ನಮ್ಮಜ್ಜಿ ಮುನಿಗಂಗಮ್ಮ ಸಾಯುವವರೆಗೂ ಅರವತ್ತು ಎಂದೇ ಹೇಳುತ್ತಿದ್ದಳು. "ಎರಡು ತಿಂಗಳಿಗೆ ಇನ್ನೊಂದು ಮಗು ಹೆಂಗಕ್ಕಾ ಹುಟ್ಟುತ್ತೆ? ನಿಮ್ಮಮ್ಮ ಏನು ಗೂಡು ಕಟ್ಟಿದ್ರಾ?" ಎಂದು ಹಾಸ್ಯ ಮಾಡಿದೆ. ಅವಳೂ ನಕ್ಕಳು. ನಕ್ಕು, "ಅರೇ, ಅದು ಹಂಗಲ್ಲ ಕಣಪ್ಪ, ಕೇಳಿಲ್ಲಿ" ಎಂದು ಶುರುಮಾಡಿದಳು. ನಾನು ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತು. "ಇರ್ಲಿ ಬಿಡಿ ಅಕ್ಕಾ, ನಾನು ಬರ್ಕೋತೀನಿ" ಎಂದು ಎದ್ದೆ. ಬಸ್ಸಿನಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ನಾನೇ ವಯಸ್ಸು ತುಂಬಿದೆ. ಹಮೀದಾ ನಲವತ್ತೇಳು. ಸತ್ತಾರ್ ಬದುಕಿದ್ದರೆ ನಲವತ್ತೈದು. ಸಾದಿಕ್ ನಲವತ್ತಮೂರು. ಎರಡೆರಡು ವರ್ಷದ ಅಂತರ, ನೋಡುವುದಕ್ಕೂ ಚೆನ್ನಾಗಿ ಕಂಡಿತು. ಖತೀಜಾ ಬೀಯಿಂದ ಒಂದು ಗೆರೆ ಇಳಿಸಿ, ಅದರ ಕೆಳಗೆ ಒಂದು ಸೊನ್ನೆ, ಎರಡು ಚೌಕ ಹಾಕಿ ಮೂರಕ್ಕೂ ಕಪ್ಪು ತುಂಬಿದೆ. ಅವಳಿಗೆ ಓದಿ ಹೇಳಲಿಲ್ಲ. ಬುದ್ಧಿವಂತ ಅಲ್ಲವೇ ನಾನು!

ಡಾಕ್ಟರಮ್ಮ ಆ ನಕ್ಷೆಯನ್ನು ಜನವರಿಯಲ್ಲಿ ನೋಡಿದರು. ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ನೋಡಿದರು. ಒಬ್ಬಳೇ ತಾಯಿಯ ಮೂರು ಮಕ್ಕಳು, ಮೂವರಿಗೂ ಐವತ್ತರೊಳಗೆ ಅದೇ ಜಾಗದಲ್ಲಿ ಕ್ಯಾನ್ಸರ್. "ಇದು ಹುಟ್ಟಿನಿಂದಲೇ ಬಂದಿರೋ ಹಾಗಿದೆ. ಲ್ಯಾಬಿನ ಫಲಿತಾಂಶಕ್ಕೆ ಇನ್ನೂ ಕೆಲವು ತಿಂಗಳು ಬೇಕು. ಈ ಮನೇಲಿ ಮದುವೆ ವಯಸ್ಸಿನವರು ಇದ್ದಾರಾ?" ಎಂದು ಕೇಳಿದರು.

ಇದ್ದರು. ಹಮೀದಕ್ಕನ ಮಗಳು ಅಖ್ತರಿಗೆ ಇಪ್ಪತ್ತು, ಸತ್ತಾರ್ ಮಗ ಖಾಜಾ ಪೀರ್‌ಗೆ ಇಪ್ಪತ್ನಾಲ್ಕು. ಇಬ್ಬರಿಗೂ ಮೇ ತಿಂಗಳಲ್ಲಿ ನಿಖಾ ಎಂದು ನಿಶ್ಚಯವಾಗಿತ್ತು. ಒಂದೇ ಹಿತ್ತಲಲ್ಲಿ ಬೆಳೆದವರು. ಅಖ್ತರಿ ಚರಕದ ಮುಂದೆ ಕೂತರೆ, ಖಾಜಾಗೆ ಏನಾದರೊಂದು ಸಾಮಾನು ಆ ಕಡೆಯೇ ಬೇಕಾಗುತ್ತಿತ್ತು. ಹಮೀದಕ್ಕನಿಗೆ ಇದ್ದದ್ದು ಅದೊಂದೇ ಆಸೆ. ಅನ್ನ ಇಳಿಯುವುದು ನಿಂತ ಮೇಲೆ ಅವಳು ದಿನ ಎಣಿಸುತ್ತಿದ್ದದ್ದು ಆ ಮದುವೆಗಾಗಿ. "ಮೇ ತಿಂಗಳವರೆಗೂ ನನ್ನ ಎಳ್ಕೊಂಡು ಹೋಗಪ್ಪ, ಆಮೇಲೆ ನಿಮ್ಮ ಆಸ್ಪತ್ರೆಗೆ ಪೂರ್ತಿ ಗಡ್ಡೆ ಕೊಡ್ತೀನಿ" ಎಂದು ನನಗೆ ಹೇಳಿದ್ದಳು.

"ಒಂದೇ ಅಜ್ಜಿಯ ಮೊಮ್ಮಕ್ಕಳು. ಎರಡೂ ಕಡೆಯಿಂದ ಕೆಟ್ಟ ಜೀನ್ ಸೇರಿದರೆ ಮಕ್ಕಳ ಗತಿ ಏನು? ಫಲಿತಾಂಶ ಬರುವವರೆಗೂ ಈ ಮದುವೆ ಬೇಡ ಅಂತ ಹೇಳಿ" ಎಂದರು ಡಾಕ್ಟರಮ್ಮ. ನಕ್ಷೆ ನಿಜವಾಗಿದ್ದಿದ್ದರೆ ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ಮಾತನ್ನು ಹೊತ್ತುಕೊಂಡು ಹೋದವನೂ ನಾನೇ. ಹಮೀದಕ್ಕ ಗಂಜಿಯ ನೀರನ್ನು ಚಮಚದಲ್ಲಿ ಕುಡಿಯುತ್ತಿದ್ದಳು. ಕೇಳಿ ಚಮಚ ಕೆಳಗಿಟ್ಟಳು. "ಕೇಶವಪ್ಪ, ನಿನ್ನ ಹೆಂಡ್ತಿ ಅಶ್ವತ್ಥಮ್ಮ ನಿನಗೆ ಏನಾಗಬೇಕು?"

ನಾನು ನೆಲ ನೋಡಿದೆ. "ಅಕ್ಕನ ಮಗಳು."

"ಸ್ವಂತ ಅಕ್ಕನ ಮಗಳನ್ನ ಕಟ್ಕೊಂಡು, ಮೂರು ಮಕ್ಕಳು ಮಾಡ್ಕೊಂಡು, ನನ್ನ ಮಗಳಿಗೆ ಹೇಳೋಕೆ ಬಂದ್ಯಾ? ನಾಚ್ಕೆ ಆಗಲ್ವಾ ನಿನಗೆ?"

"ನಾನಲ್ಲ ಅಕ್ಕಾ, ಡಾಕ್ಟರಮ್ಮ..."

"ಡಾಕ್ಟರಮ್ಮನ್ನ ಕರ್ಕೊಂಡು ಬಾ. ಅವರಿಗೂ ಹೇಳ್ತೀನಿ."

ಅವಳು ಬಗ್ಗುವವಳಲ್ಲ. ಬಗ್ಗಿದ್ದು ಜೈತೂನ್ ಬೀ, ಸತ್ತಾರ್‌ನ ಹೆಂಡತಿ, ಖಾಜಾನ ತಾಯಿ. ಪಕ್ಕದ ಮನೆಯ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನಿಗೂ ಮೈದುನನಿಗೂ ಬಾಯಿಗೆ ನೀರು ಬಿಟ್ಟು, ಅದು ಮೂಗಿನಿಂದ ವಾಪಸ್ಸು ಬಂದದ್ದನ್ನು ಒರೆಸಿದವಳು ಅವಳು. "ನನ್ನ ಮಗನಿಗೆ ಅದು ಬೇಡ. ಅವನ ಮಕ್ಕಳಿಗೂ ಬೇಡ. ಎರಡು ಸಲ ನೋಡಿದೀನಿ, ಮೂರನೇದು ಈ ಗೋಡೆ ಪಕ್ಕದಲ್ಲೇ ನೋಡ್ತಿದೀನಿ. ಇನ್ನು ನನ್ನ ಕೈಲಾಗಲ್ಲ" ಎಂದು ಗೋಳೋ ಎಂದು ಅತ್ತಳು. ಅವಳನ್ನು ಹೇಗೆ ದೂರಲಿ? ಹದಿನೈದು ದಿನದಲ್ಲಿ ಅವಳು ಚಿಂತಾಮಣಿಯಲ್ಲಿ ಒಂದು ಹೆಣ್ಣು ನೋಡಿ ಮಾತು ಕೊಟ್ಟಳು. ಏಪ್ರಿಲ್ ಕೊನೆಯ ಶುಕ್ರವಾರ ನಿಖಾ. ಖಾಜಾ ಪೀರ್ ತಾಯಿಗೆ ಎದುರು ಮಾತಾಡುವ ಹುಡುಗನಲ್ಲ. ಅವನು ಹಿತ್ತಲಿಗೆ ಬರುವುದನ್ನು ನಿಲ್ಲಿಸಿದ.

ಬೀದಿಯಲ್ಲಿ ಸುದ್ದಿ ಇನ್ನೊಂದು ರೂಪ ತಳೆಯಿತು. ಹಮೀದಾ ಬೇಗಂ ಮನೆಯ ರಕ್ತವೇ ಕೆಟ್ಟಿದೆಯಂತೆ, ಬೆಂಗಳೂರಿನವರು ಬಂದು ಬರೆದುಕೊಂಡು ಹೋದರಂತೆ. ಅಖ್ತರಿ ತೊಟ್ಟಿಗೆ ಕೈಹಾಕಿದರೆ ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂರುತ್ತಿದ್ದಳು. ನಾನು ಬೀದಿಗೆ ಕಾಲಿಟ್ಟರೆ, "ಬಂದ್ರು ನೋಡ್ರಪ್ಪ, ರಕ್ತದ ಸಾರ್" ಎನ್ನುವರು. ಹೇಗೆ ತಿಳಿಸಿ ಹೇಳಲಿ? ಜೀನ್ ಎಂದರೆ ಎಲ್ಲವೂ ವಂಶದ್ದಲ್ಲ, ಗಡ್ಡೆಯಲ್ಲೂ ಜೀನ್ ಕೆಡುತ್ತದೆ, ಅದು ಅಲ್ಲೇ ಉಳಿಯುತ್ತದೆ ಎಂದು ನಾಲ್ಕು ಸಲ ವಿವರಿಸಿದೆ. ಕೇಳಿದವರು ತಲೆಯಾಡಿಸಿ, "ಅಂದ್ರೆ ರಕ್ತದಲ್ಲಿದೆ ಅಂತಾಯ್ತು" ಎನ್ನುತ್ತಿದ್ದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು.

ಏಪ್ರಿಲ್ ಹತ್ತನೇ ತಾರೀಖು ಇರಬೇಕು, ಇನ್ನೊಂದು ಸಹಿಗಾಗಿ ಹೋಗಿದ್ದೆ. ಹಮೀದಕ್ಕನ ಹೊಟ್ಟೆಗೆ ಆಸ್ಪತ್ರೆಯಲ್ಲಿ ಟ್ಯೂಬು ಹಾಕಿದ್ದರು. ಅಖ್ತರಿ ಅದರಲ್ಲಿ ಹಾಲು ಬಿಡುತ್ತಿದ್ದಳು. ಹಮೀದಕ್ಕ ಅರ್ಧ ಆಗಿದ್ದಳು, ಬಾಯಿ ಮಾತ್ರ ಮೊದಲಿನಷ್ಟೇ ಇತ್ತು.

"ನಮ್ಮಮ್ಮ ಇದ್ದಿದ್ದರೆ ಜೈತೂನ್‌ಗೆ ಕಿವಿ ಹಿಂಡಿ ಹೇಳ್ತಿದ್ದಳು" ಎಂದಳು. "ನನ್ನ ಅಖ್ತರಿಗಿಂತ ಆ ಖಾಜಾನೇ ಹೆಚ್ಚು ನಮ್ಮಮ್ಮನಿಗೆ. ಸತ್ತಾರ್ ಭಾಯಿನ, ಸಾದಿಕ್ ಭಾಯಿನ ತಾನು ಹೆರದೇ ಇದ್ದರೂ, ಒಂದು ದಿನ ಭೇದ ಮಾಡಿದೋಳಲ್ಲ."

ನಾನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದವನು ಹಾಗೇ ನಿಂತೆ. "ಏನಂದ್ರಿ? ಹೆರದೇ ಇದ್ದರೂ ಅಂದ್ರಾ?"

"ಹೂಂ ಮತ್ತೆ. ಪಕ್ಕದ ಮನೆ ಹೆಂಗಸು ಅವಳಿ ಹೆತ್ತು ಮೂರನೇ ದಿನಕ್ಕೆ ಸತ್ತಳು. ನಾನು ಆಗ ಎರಡು ತಿಂಗಳ ಕೂಸು. ನಮ್ಮಮ್ಮ ಆ ಎರಡನ್ನೂ ಎತ್ಕೊಂಡು ಬಂದು, ಮೂರಕ್ಕೂ ಹಾಲು ಕೊಟ್ಟಳು. ನಮ್ಮಲ್ಲಿ ಹಾಲು ಕುಡಿದರೆ ಭಾಯಿನೇ. ನಾನು ಅವರ ಮುಂದೆ ಯಾವತ್ತೂ ಮುಖಕ್ಕೆ ಸೆರಗು ಎಳ್ಕೊಂಡೋಳಲ್ಲ. ಅವರನ್ನ ನಾನು ಮದುವೆ ಆಗೋ ಹಂಗಿಲ್ಲ. ಸ್ವಂತ ಅಣ್ಣತಮ್ಮನ ಹಂಗೇ ಎಲ್ಲಾ."

"ಅಯ್ಯೋ ಹಮೀದಕ್ಕಾ! ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನಿನಗೆ ಗೊತ್ತಿಲ್ವಾ? ಇಡೀ ಶಿಡ್ಲಘಟ್ಟಕ್ಕೇ ಗೊತ್ತಲ್ಲಪ್ಪ. ನಾನು ಹೇಳಕ್ಕೆ ಬಂದೆ. ಮೂರು ಜನಾನೂ ಒಂದೇ ವರ್ಷ ಅಂದೆ. ನೀನು ನಕ್ಕೆ. ನಮ್ಮಮ್ಮ ಗೂಡು ಕಟ್ಟಿದ್ಲಾ ಅಂದೆ."

ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಅವಳು ನಿಜ ಹೇಳಿದ್ದಳು. ಆ ನಿಜವನ್ನು ತಿದ್ದಿದವನು ನಾನು, ಬಸ್ಸಿನಲ್ಲಿ, ತೊಡೆಯ ಮೇಲೆ. ಸತ್ತಾರ್, ಸಾದಿಕ್ ಒಂದು ಹೆಣ್ಣಿನ ಅವಳಿ ಮಕ್ಕಳು. ಹಮೀದಕ್ಕ ಇನ್ನೊಬ್ಬಳ ಮಗಳು. ರಕ್ತಕ್ಕೂ ರಕ್ತಕ್ಕೂ ಸಂಬಂಧವೇ ಇಲ್ಲ. ಅಖ್ತರಿಗೂ ಖಾಜಾಗೂ ಅಜ್ಜಿ ಬೇರೆ, ವಂಶ ಬೇರೆ. ಡಾಕ್ಟರಮ್ಮನ ಭಯಕ್ಕೆ ಬುಡವೇ ಇಲ್ಲ. ಎರಡು ಮನೆಗೂ ಇದ್ದದ್ದು ಒಂದೇ ಟೀ ಪಾತ್ರೆ, ಒಂದೇ ಹೊಗೆಸೊಪ್ಪಿನ ಚೀಲ. ಖುಷಿಯಾಗಬೇಕೋ ಅಳಬೇಕೋ ತಿಳಿಯಲಿಲ್ಲ. ಖಾಜಾನ ನಿಖಾಗೆ ಇನ್ನೂ ಹದಿನೈದು ದಿನ ಇತ್ತು.

ಅಲ್ಲೇ ಕೂತು ಒಂದು ಕಾಗದ ಬರೆದೆ. ಅಬ್ದುಲ್ ಸತ್ತಾರ್ ಮತ್ತು ಸಾದಿಕ್ ಪಾಷಾ ನನ್ನ ಸಹೋದರರಲ್ಲ, ಹಿಂದೆ ಕೊಟ್ಟ ಮಾಹಿತಿ ತಪ್ಪು ಎಂದು. ಹಮೀದಕ್ಕನ ಮುಂದೆ ಓದಿದೆ, ಈ ಸಲ ಓದಿದೆ. ಅವಳ ಕಣ್ಣು ಕೆಂಡವಾಯಿತು.

"ಸತ್ತಾರ್ ಭಾಯಿ ನನ್ನ ಭಾಯಿ ಅಲ್ಲ ಅಂತ ನಾನು ಸೈನ್ ಹಾಕ್ಬೇಕಾ?"

"ಆಸ್ಪತ್ರೆ ಕಾಗದ ಅಷ್ಟೇ ಅಕ್ಕಾ. ಒಂದು ಸೈನು! ನಿಮ್ಮ ಮಗಳ ಮದುವೆ ಉಳಿಯುತ್ತೆ."

"ನನ್ನ ಗಂಡ ಸತ್ತಾಗ ಲಾರಿ ಕೆಳಗಿಂದ ಹೆಣ ಎಳೆದು ತಂದೋನು ಸತ್ತಾರ್ ಭಾಯಿ. ನನ್ನ ಚರಕ ಹಾಕ್ಸೋಕೆ ದುಡ್ಡು ಕೊಟ್ಟೋನು ಸಾದಿಕ್ ಭಾಯಿ. ಸತ್ತ ಮೇಲೆ ಇಬ್ಬರನ್ನೂ ಇಲ್ಲ ಅನ್ನಿಸ್ತೀಯಾ ನನ್ನ ಬಾಯಲ್ಲಿ? ಹಾಕಲ್ಲ. ಏನು ಮಾಡ್ತೀಯೋ ಮಾಡ್ಕೋ."

"ಅಮ್ಮಾ, ಹಾಕಮ್ಮಾ" ಎಂದಳು ಅಖ್ತರಿ. ಅವಳು ಆ ಮನೆಯಲ್ಲಿ ನನ್ನ ಎದುರು ಬಾಯಿ ತೆರೆದದ್ದು ಅದೇ ಮೊದಲು. ಹಮೀದಕ್ಕ ಮಗಳನ್ನು ನೋಡಿದಳು, ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲ್ಲಾಡುತ್ತಿತ್ತು. ನನಗೆ ಬಂದ ಸಿಟ್ಟಿಗೆ ಆ ಕಾಗದವನ್ನು ಹರಿದು ತೊಟ್ಟಿಗೆ ಹಾಕಿದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಬರೆದೆ. 'ನಾವು ಮೂವರೂ ಖತೀಜಾ ಬೀಯ ಹಾಲು ಕುಡಿದ ಮಕ್ಕಳು. ನನ್ನನ್ನು ಹೆತ್ತವಳು ಅವಳು. ಅವರಿಬ್ಬರನ್ನು ಹೆತ್ತವಳು ಬೇರೆ.' ಅದನ್ನು ಎರಡು ಸಲ ಓದಿಸಿಕೊಂಡು, ಉರ್ದುವಿನಲ್ಲಿ ಸಹಿ ಮಾಡಿದಳು.

ಬೆಂಗಳೂರಿಗೆ ಹೋದರೆ ಡಾಕ್ಟರಮ್ಮ ಇಲ್ಲ. ದೆಹಲಿಯಲ್ಲಿ ಯಾವುದೋ ಸಭೆಯಂತೆ, ಬರುವುದು ಇಪ್ಪತ್ತಮೂರಕ್ಕೆ. ಕಛೇರಿಯಲ್ಲಿ ಕೋನಪ್ಪ ಎಂಬ ಗುಮಾಸ್ತರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಾಲು ಅಂತ ಬರ್ದಿದೀರಲ್ಲ, ನಮ್ಮ ಫಾರಂನಲ್ಲಿ ಹಾಲಿಗೆ ಎಲ್ಲಿ ಜಾಗ ಇದೆ? ಸ್ವಂತ, ಮಲತಾಯಿದು, ದತ್ತು, ಮೂರೇ ಇರೋದು."

"ಯಾವುದಾದ್ರೂ ಹಾಕ್ರಿ ಸಾರ್, ಮೊದಲು ಆ ಗೆರೆ ಹೊಡೆದು ಹಾಕ್ರಿ!"

"ಏನ್ರೀ, ಅಷ್ಟು ಬಿಸಿ ಆದರೆ ಹೆಂಗೆ? ಮೇಡಂ ಸಹಿ ಇಲ್ಲದೇ ನಾನು ಗೆರೆ ಹೊಡೆದು ಹಾಕೋ ಹಂಗಿಲ್ಲ. ನೀವೇ ತಾನೇ ಹಾಕಿದ್ದು ಗೆರೆ?"

ಇದರ ಮಧ್ಯೆ ಜೈತೂನ್ ಬೀಗೂ ವಿಷಯವನ್ನು ಬಾಯಿಮಾತಿನಲ್ಲಿ ಹೇಳಿದ್ದೆ. "ನೀವು ಹೇಳಿದ್ರೆ ಆಗಲ್ಲ, ಡಾಕ್ಟರಮ್ಮ ಬರೆದು ಕೊಡ್ಲಿ" ಎಂದಳು. ಹಾಲಿನ ಸಂಗತಿ ಅವಳಿಗೆ ಗೊತ್ತೇ ಇತ್ತು. ಆದರೆ ಆಸ್ಪತ್ರೆಯವರಿಗೆ ಗೊತ್ತಿಲ್ಲದೇ ಇರುತ್ತದೆಯೇ, ಎಲ್ಲ ಪರೀಕ್ಷೆ ಮಾಡಿ ತಾನೇ ಹೇಳಿದ್ದು ಎಂದು ಅವಳು ನಂಬಿದ್ದಳು. ಹಾಲಿನಲ್ಲೂ ಅದು ಹರಿದು ಬಂದಿರಬಹುದು ಎಂದು ಅವಳೇ ಒಂದು ಲೆಕ್ಕ ಹಾಕಿಕೊಂಡಿದ್ದಳು. ಒಬ್ಬರಿಗೊಬ್ಬರು ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿದ್ದ ಮಾತು. ಅವಳು ನಮ್ಮನ್ನು ನಂಬಿ ಕೇಳಲಿಲ್ಲ, ನಾನು ನನ್ನ ಬುದ್ಧಿಯನ್ನು ನಂಬಿ ಕೇಳಲಿಲ್ಲ.

ಇಪ್ಪತ್ತಮೂರಕ್ಕೆ ಡಾಕ್ಟರಮ್ಮ ಬಂದರು. ಕಾಗದ ಓದಿ ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಓದಿ ಹೇಳಿ ಅಂತ ಹೇಳಿದ್ದೆ ಚನ್ನಕೇಶವ" ಎಂದರು, ಅಷ್ಟೇ. ಆಮೇಲೆ ಡ್ರಾಯರ್‌ನಿಂದ ಲ್ಯಾಬಿನ ಹಾಳೆ ತೆಗೆದರು, ಅವರು ಇಲ್ಲದಾಗ ಬಂದು ಬಿದ್ದಿತ್ತು. ಹಮೀದಾ ಬೇಗಂ ಗಡ್ಡೆಯಲ್ಲಿ ಬ್ರೇಕ್ ಜೀನ್ ಕೆಟ್ಟಿದೆ. ರಕ್ತದಲ್ಲಿ ಸರಿಯಾಗಿದೆ. ಅಂದರೆ ಹುಟ್ಟಿನಿಂದ ಬಂದದ್ದಲ್ಲ, ಅವಳ ಗಂಟಲಲ್ಲೇ ಆದದ್ದು. ಮಗಳಿಗೆ ಅದು ಹೋಗಿಲ್ಲ. ಹಾಲಿನ ಸುದ್ದಿ ಸಿಗದಿದ್ದರೂ ಆ ಹಾಳೆಯೊಂದೇ ಸಾಕಾಗಿತ್ತು. ಅದು ಐದು ದಿನದಿಂದ ಡ್ರಾಯರ್‌ನಲ್ಲಿ ಮಲಗಿತ್ತು.

ಡಾಕ್ಟರಮ್ಮ ಅಲ್ಲೇ ಪತ್ರ ಬರೆದು ಮೊಹರು ಹಾಕಿಕೊಟ್ಟರು. ಮಾರನೇ ದಿನ ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ ನಾನು ಆ ಬೀದಿ ಸೇರಿದೆ. ಜೈತೂನ್ ಬೀ ಮನೆ ಮುಂದೆ ಚಪ್ಪರ ಎದ್ದಿತ್ತು. ಚಿಂತಾಮಣಿಯ ನೆಂಟರು ನಾಲ್ಕು ಜನ ಆಗಲೇ ಬಂದು ಕೂತಿದ್ದರು. ಜೈತೂನ್ ಬೀ ನನ್ನನ್ನು ಅಡಿಗೆಮನೆಗೆ ಕರೆದಳು. ಪತ್ರವನ್ನು ಖಾಜಾ ಪೀರ್ ಕೈಯಲ್ಲಿ ಓದಿಸಿದಳು. ಅವನು ಕಡೆಯ ಸಾಲನ್ನು ಎರಡು ಸಲ ಓದಿದ.

"ಮೊದಲು ಬೇಡ ಅಂದ್ರಿ. ಈಗ ಪರವಾಗಿಲ್ಲ ಅಂತೀರಿ" ಎಂದಳು ಜೈತೂನ್ ಬೀ. "ನಾಡಿದ್ದು ಇನ್ನೊಂದು ಕಾಗದ ತಂದು ಮತ್ತೆ ಬೇಡ ಅಂತೀರಾ? ಆ ಹುಡುಗಿಗೆ ಮೆಹಂದಿ ಹಚ್ಚಿ ಆಗಿದೆ ಸಾರ್. ಅವಳೂ ಯಾರೋ ಹೆತ್ತ ಮಗಳು. ಅವಳನ್ನ ನಾನು ಯಾವ ಕಾಗದ ತೋರಿಸಿ ಬಿಡಲಿ?"

ಖಾಜಾ ಪೀರ್ ಕಡೆ ನೋಡಿದೆ. ಮಾತಾಡೋ ಮಾರಾಯ, ಒಂದು ಮಾತಾಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವನು ಪತ್ರವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು ಚಪ್ಪರದ ಕಡೆ ಹೋದ. ಶುಕ್ರವಾರ ನಿಖಾ ಆಯಿತು.

ಹಮೀದಕ್ಕನಿಗೆ ನಾನೇ ಹೇಳಿದೆ. ಅವಳ ಕಾಲು ಹಿಡಿಯಲು ಹೋದೆ, ಬಿಡಲಿಲ್ಲ. ದನಿ ಆಗಲೇ ಬಿದ್ದುಹೋಗಿತ್ತು. ಹತ್ತಿರ ಬಾ ಎಂದು ಸನ್ನೆ ಮಾಡಿದಳು.

"ಅವತ್ತು ನಿನಗೆ ಆ ಬಸ್ಸು ತಪ್ಪಿಹೋಗಿದ್ದರೆ ಆಗ್ತಿತ್ತು ನೋಡು ಕೇಶವಪ್ಪ" ಎಂದಳು. ಬೈಗುಳವಲ್ಲ ಅದು. ಕೆಟ್ಟ ಗೂಡಿನ ಬಗ್ಗೆ ಮಾರುಕಟ್ಟೆಯಲ್ಲಿ ಹೇಳುತ್ತಿದ್ದ ಹಾಗೆ, ಇದ್ದದ್ದನ್ನು ಹೇಳಿದಳು. ಜೂನ್ ಮೊದಲ ವಾರ ತೀರಿಕೊಂಡಳು. ಮಣ್ಣು ಮಾಡಿದ್ದು ಸತ್ತಾರ್, ಸಾದಿಕ್ ಪಕ್ಕದಲ್ಲೇ.

ಮಾರನೇ ವರ್ಷ ನಮ್ಮ ಸಂಶೋಧನೆ ಮುಗಿಯಿತು. ಕೆಲಸ ಬಿಡುವ ಮೊದಲು ಒಂದು ಸಲ ಶಿಡ್ಲಘಟ್ಟಕ್ಕೆ ಹೋದೆ. ಕೆಟ್ಟ ರಕ್ತದ ಸುದ್ದಿ ಚಿಕ್ಕಬಳ್ಳಾಪುರದವರೆಗೂ ಹಬ್ಬಿ, ಅಖ್ತರಿಯನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ತಾಯಿಯ ಚರಕದ ಮುಂದೆ ಅವಳೇ ಕೂತಿದ್ದಳು. ಗೋಡೆಯಾಚೆ ಖಾಜಾ ಪೀರ್‌ನ ಕೂಸು ಅಳುವುದು ಕೇಳುತ್ತಿತ್ತು. ಅಖ್ತರಿ ನನ್ನನ್ನು ನೋಡಿ ಮುಖ ಸಿಂಡರಿಸಲಿಲ್ಲ. ಒಲೆಯಿಂದ ಟೀ ಪಾತ್ರೆ ಇಳಿಸಿ ಎರಡು ಲೋಟಕ್ಕೆ ಸುರಿದಳು. ನನ್ನದನ್ನು ಸಾಸರ್ ಸಮೇತ ಕೊಟ್ಟು, ತನ್ನದನ್ನು ಹಬೆಯಾಡುತ್ತಿದ್ದ ಹಾಗೇ ಬಾಯಿಗೆತ್ತಿದಳು.

"ಆರಿಸಿ ಕುಡಿಯಮ್ಮಾ!" ಎಂದು ಕಿರುಚಿಬಿಟ್ಟೆ. "ಎಷ್ಟು ಸಲ ಹೇಳಬೇಕು? ನಿಮ್ಮಮ್ಮನ್ನ ಕೊಂದದ್ದು ಇದೇ ಕಣಮ್ಮಾ, ಇದೂ ಹೊಗೆಸೊಪ್ಪೂ. ನಿನ್ನ ರಕ್ತದಲ್ಲಿ ಏನೂ ಇಲ್ಲ. ಡಾಕ್ಟರಮ್ಮ ಬರೆದು ಕೊಟ್ಟಿದಾರಲ್ಲ!"

ಅಖ್ತರಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟಳು.

"ಅದು ಎರಡನೇ ಕಾಗದ ಸಾರ್. ನನ್ನ ಮದುವೆ ಹೋಗಿದ್ದು ಮೊದಲನೇ ಕಾಗದಕ್ಕೆ. ಬೀದಿಲಿ ಎಲ್ಲರೂ ನಂಬೋದು ಅದನ್ನೇ. ನಾನೂ ಅದನ್ನೇ ನಂಬ್ತೀನಿ. ಆರಿಸಿ ಕುಡಿದು ಯಾರಿಗೋಸ್ಕರ ಬದುಕ್ಲಿ?"

ತೊಟ್ಟಿಯಲ್ಲಿ ಎಳೆ ಕಡಿದಿತ್ತು. ಅವಳು ಕುದಿಯುವ ನೀರಿಗೆ ಕೈ ಹಾಕಿ ಅದನ್ನು ಹುಡುಕತೊಡಗಿದಳು. ನನ್ನ ಲೋಟದ ಟೀ ಪೂರ್ತಿ ಆರಿಹೋಗುವವರೆಗೂ ಅಲ್ಲೇ ಕೂತಿದ್ದೆ, ಕುಡಿಯಲಾಗಲಿಲ್ಲ.